ಹಳೆಯ ಸಿಲ್ವೆಸ್ಟರ್

ಡಾಕ್ಟರು ಅದನ್ನು ಒಳ್ಳೆಯ ಸುದ್ದಿ ಎಂದೇ ಹೇಳಿದರು.

"ಕ್ಯಾನ್ಸರ್ ಅಲ್ಲ, ಹೆದರಬೇಡಿ. ಮೂಗಿನ ಮೇಲೆ, ಹಣೆಯ ಹಿಂದೆ, ನಿಧಾನವಾಗಿ ಬೆಳೆದ ಗಡ್ಡೆ. ಎಂಟು ಹತ್ತು ವರ್ಷದಿಂದ ಅಲ್ಲೇ ಕೂತು ಮಿದುಳನ್ನು ಒತ್ತುತ್ತಾ ಉಂಟು," ಎಂದರು ಡಾಕ್ಟರ್ ಯಶ್ಮಿತಾ. ಮಣಿಪಾಲದ ಆ ಸಣ್ಣ ಕೋಣೆಯಲ್ಲಿ ಎ.ಸಿ. ಜೋರಾಗಿತ್ತು. "ಇವರಿಗೆ ವಾಸನೆ ತಿಳಿಯುವುದಿಲ್ಲ ಅಲ್ವಾ? ಒಂದು ಕಣ್ಣು ಮಂಜಾಗುತ್ತಿರುವುದೂ ಅದರಿಂದಲೇ. ಸ್ವಭಾವ ಹೇಗೆ? ಬದಲಾವಣೆ ಏನಾದರೂ ಕಂಡಿದೆಯಾ?"

ಬೆನೆಡಿಕ್ಟಾ ಗಂಡನ ಕಡೆ ನೋಡಿದಳು. ಸಿಲ್ವೆಸ್ಟರ್ ಅವಳ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿದ್ದ ನಾಯಿಮರಿಯ ಚಿತ್ರ ನೋಡುತ್ತಾ ಕುಳಿತಿದ್ದ.

"ಸುಮ್ಮನಾಗಿದ್ದಾರೆ," ಎಂದಳು. "ಮೊದಲು ಹಾಗಿರಲಿಲ್ಲ."

"ಅದೇ. ಈ ಜಾಗದಲ್ಲಿ ಗಡ್ಡೆ ಬೆಳೆದರೆ ಮನುಷ್ಯ ಮಂಕಾಗುತ್ತಾನೆ. ಸಿಟ್ಟಿಲ್ಲ, ಆಸೆಯಿಲ್ಲ, ಹೇಳಿದ್ದಕ್ಕೆಲ್ಲ ಹೂಂ ಅನ್ನುವುದು. ಮನೆಯವರು ವಯಸ್ಸಾಯಿತು ಅಂದುಕೊಳ್ಳುತ್ತಾರೆ." ಡಾಕ್ಟರು ನಕ್ಕರು. ಚಿಕ್ಕ ವಯಸ್ಸಿನ, ಒಳ್ಳೆಯ ಮನಸ್ಸಿನ ಹೆಣ್ಣುಮಗಳು. "ತೆಗೆದ ಮೇಲೆ ತುಂಬಾ ಜನ ಮೊದಲಿನ ಹಾಗೆ ಆಗುತ್ತಾರೆ. ನಿಮಗೆ ಹಳೆಯ ಸಿಲ್ವೆಸ್ಟರ್ ವಾಪಸ್ ಸಿಗುತ್ತಾರೆ, ನೋಡಿ!"

ಬೆನೆಡಿಕ್ಟಾ ಗಂಡನ ತೊಡೆಯ ಮೇಲಿದ್ದ ಬ್ಯಾಗನ್ನು ತನ್ನ ಕಡೆ ಎಳೆದುಕೊಂಡಳು.

"ತೆಗೆಯದೆ ಇದ್ದರೆ?" ಎಂದು ಕೇಳಿದಳು.

ಡಾಕ್ಟರ ನಗು ಹಾಗೇ ನಿಂತಿತು. "ಕಣ್ಣು ಹೋಗುತ್ತದೆ. ಆಮೇಲೆ ಜೀವ. ಒಂದು ವರ್ಷವೋ, ಎರಡೋ. ಯಾಕಮ್ಮಾ ಹಾಗೆ ಕೇಳುತ್ತೀರಿ?"

"ಸುಮ್ಮನೆ ಕೇಳಿದೆ," ಎಂದಳು ಬೆನೆಡಿಕ್ಟಾ.

ವಾಪಸ್ ಬರುವಾಗ ಉಡುಪಿಯಲ್ಲಿ ಬಸ್ಸು ಬದಲಿಸಿದರು. ಸಿಲ್ವೆಸ್ಟರ್ ಅವಳನ್ನು ಕಿಟಕಿಯ ಪಕ್ಕ ಕೂರಿಸಿ ತಾನು ಆಚೆ ಕೂತ. ತಲೆಯೊಳಗೆ ಗಡ್ಡೆ ಇದೆ ಎಂದು ಆಗಷ್ಟೇ ಕೇಳಿಸಿಕೊಂಡ ಮನುಷ್ಯ. ಉದ್ಯಾವರದ ಸೇತುವೆ ಬಂದಾಗ ಬಾಯಿಬಿಟ್ಟು ಕೇಳಿದ್ದು ಒಂದೇ ಮಾತು: "ಇವತ್ತು ಮೀನು ಎಂತ?"

*

ಹಳೆಯ ಸಿಲ್ವೆಸ್ಟರ್ ಯಾರೆಂದು ಡಾಕ್ಟರಿಗೆ ಗೊತ್ತಿರಲಿಲ್ಲ. ಬೆನೆಡಿಕ್ಟಾಳಿಗೆ ಗೊತ್ತಿತ್ತು.

ಕಟಪಾಡಿಯಲ್ಲಿ ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಅವನು ವೆಲ್ಡರ್ ಆಗಿದ್ದ. ಇಬ್ಬರು ಎತ್ತುವ ಕಬ್ಬಿಣವನ್ನು ಒಬ್ಬನೇ ಎತ್ತುತ್ತಿದ್ದ. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚುವ ರೋಸಿನಲ್ಲಿ ಅವನು ಹಾಡಲು ನಿಂತರೆ ಮದುಮಗನನ್ನು ಯಾರೂ ನೋಡುತ್ತಿರಲಿಲ್ಲ. ಹಾಗೆ ಹಾಡುವುದನ್ನು ಕೇಳಿಯೇ ಬೆನೆಡಿಕ್ಟಾ ಕಾರ್ಕಳದಿಂದ ಇಲ್ಲಿಗೆ ಮದುವೆಯಾಗಿ ಬಂದದ್ದು. ಬಂದ ಮೇಲೆ ತಿಳಿಯಿತು, ಕುಡಿದರೆ ಆ ಕೈ ಸುಮ್ಮನಿರುವುದಿಲ್ಲ ಎಂದು. ಗಂಜಿ ಬಿಸಿಯಾದರೆ ಪೆಟ್ಟು, ತಣ್ಣಗಾದರೆ ಪೆಟ್ಟು. ಗೇಟಿನ ಸದ್ದಿನಲ್ಲೇ ಅಂದಿನ ರಾತ್ರಿ ಹೇಗೆ ಎಂದು ಗೊತ್ತಾಗುತ್ತಿತ್ತು. ಮಕ್ಕಳನ್ನು ಎಳೆದುಕೊಂಡು ಪಕ್ಕದ ಮನೆಯ ಬೇಬಿ ಎಂಬವಳ ಹಿಂಬಾಗಿಲಿಗೆ ಓಡುವ ದಾರಿ ಅವಳ ಕಾಲಿಗೇ ಕಂಠಪಾಠವಾಗಿತ್ತು. ಹಿರಿಯವನು ಡೆನ್ವರ್ ಹದಿನಾರನೆಯ ವಯಸ್ಸಿನಲ್ಲಿ ತಾಯಿಗೆ ಅಡ್ಡ ನಿಂತ. ಅವನ ಕೈಯನ್ನು ಅಪ್ಪ ಹಿಂದಕ್ಕೆ ತಿರುಚಿದ. ಎಲುಬು ಮುರಿಯಿತು. ಹುಡುಗ ಆಸ್ಪತ್ರೆಯಿಂದ ನೇರವಾಗಿ ಕಾರ್ಕಳಕ್ಕೆ, ಮಾವನ ಮನೆಗೆ ಹೋದವನು, ಆಮೇಲೆ ಕ್ರಿಸ್ಮಸ್ಸಿಗೆ ಮಾತ್ರ ಬರುವ ನೆಂಟನಾದ.

ಬೆನೆಡಿಕ್ಟಾ ಅತ್ತೂರಿನ ಸಂತ ಲಾರೆನ್ಸರಿಗೆ ಹರಕೆ ಹೊತ್ತಳು. ಮತ್ತೆ ಮತ್ತೆ ಹೋಗಿ ಮೇಣದಬತ್ತಿ ಹಚ್ಚಿದಳು. ಆ ಮರುವರ್ಷ ಒಂದು ಸಂಜೆ ಸಿಲ್ವೆಸ್ಟರ್ ಗ್ಲಾಸು ಕೆಳಗಿಟ್ಟು, "ಇದಕ್ಕೆ ರುಚಿಯೇ ಇಲ್ಲ ಮಾರಾಯ್ತಿ," ಎಂದ. ನಿಧಾನವಾಗಿ ಕುಡಿತ ನಿಂತಿತು. ಆಮೇಲೆ ಬೈಗುಳ ನಿಂತಿತು. ಕೆಲಸವೂ ನಿಂತಿತು, ಕೈ ನಿಧಾನವಾಯಿತೆಂದು ಶೆಡ್ಡಿನವರು ಬಿಡಿಸಿದರು. ಅದಕ್ಕೂ ಅವನಿಗೆ ಬೇಸರವಾಗಲಿಲ್ಲ. ಬೆಳಿಗ್ಗೆ ಅವಳ ಜೊತೆ ಅಂಗಳದ ಮಲ್ಲಿಗೆ ಗಿಡಗಳಲ್ಲಿ ಮೊಗ್ಗು ಕೊಯ್ಯುವುದು, ಅವಳು ಬಾಳೆನಾರಿನಲ್ಲಿ ಹೂ ಕಟ್ಟುವಾಗ ಎದುರು ಕೂತು ನಾರು ಸೀಳಿ ಕೊಡುವುದು, ತೆಂಗಿನಕಾಯಿ ತುರಿಯುವುದು, ಕಿರಿಯವಳು ಕ್ಯಾರಲಳನ್ನು ಬಸ್ ಸ್ಟಾಪಿನವರೆಗೆ ಬಿಟ್ಟು ಬರುವುದು. ಸಂತ ಲಾರೆನ್ಸರು ಕೈಬಿಡಲಿಲ್ಲ ಎಂದು ಬೆನೆಡಿಕ್ಟಾ ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದಳು.

ಈಗ ನೋಡಿದರೆ, ಸಂತರಲ್ಲ, ಗಡ್ಡೆ.

*

"ಡಾಕ್ಟರು ಎಂತ ಹೇಳಿದರು?" ಕ್ಯಾರಲ್ ಕಾಲೇಜಿನಿಂದ ಬಂದವಳು ಚೀಲ ಇಳಿಸುವ ಮೊದಲೇ ಕೇಳಿದಳು. ಪಿ.ಯು.ಸಿ. ಎರಡನೆಯ ವರ್ಷ, ಅಪ್ಪನೆಂದರೆ ಜೀವ.

"ಗಡ್ಡೆ ಅಂತೆ. ಆಪರೇಷನ್ ಮಾಡಬಹುದು ಅಂತೆ."

"ದೇವರು ದೊಡ್ಡವನು! ಯಾವಾಗ?"

"ಡೇಟ್ ಕೊಡಲಿಲ್ಲ. ಫೋನ್ ಮಾಡುತ್ತಾರಂತೆ," ಎಂದಳು ಬೆನೆಡಿಕ್ಟಾ, ಬಂಗುಡೆಯ ಹೊಟ್ಟೆ ಸೀಳುತ್ತಾ. ಡೇಟ್ ಕೊಟ್ಟಿದ್ದರು. ಮುಂದಿನ ವಾರದ್ದು.

ಆ ವಾರ ಬಂತು, ಹೋಯಿತು. ಆಸ್ಪತ್ರೆಯಿಂದ ಫೋನ್ ಬಂದಾಗ ಬೆನೆಡಿಕ್ಟಾ ಬಾವಿಕಟ್ಟೆಯ ಹತ್ತಿರ ಹೋಗಿ, ಅವರಿಗೆ ಜ್ವರ, ಮುಂದೆ ನೋಡುವ ಎಂದಳು. ಇನ್ನೊಮ್ಮೆ ಬಂದಾಗ, ಮನೆಯಲ್ಲಿ ಒಂದು ಸಾವಾಗಿದೆ ಎಂದಳು. ಹಾಗೆಂದ ಮೇಲೆ ಎದೆ ಹೊಡೆದುಕೊಂಡು ಶಿಲುಬೆಯ ಗುರುತು ಮಾಡಿಕೊಂಡಳು.

ಸಿಲ್ವೆಸ್ಟರ್ ಕುಂದುತ್ತಲೇ ಇದ್ದ. ಕೊಯ್ದ ಗಿಡದಲ್ಲಿ ಒಂದು ಕಡೆಯ ಮೊಗ್ಗೆಲ್ಲ ಹಾಗೇ ಉಳಿಯುತ್ತಿತ್ತು. ಆ ಕಡೆಯ ಕಣ್ಣಿಗೆ ಅವು ಕಾಣುತ್ತಿರಲಿಲ್ಲ. ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದ. ಒಂದು ದಿನ ಸಾರು ಸೀದು ಮನೆಯೆಲ್ಲ ಹೊಗೆಯಾದರೂ ಒಲೆಯ ಮುಂದೆಯೇ ಕೂತು ಈರುಳ್ಳಿ ಸುಲಿಯುತ್ತಿದ್ದ.

"ಎಂತ ಇದು? ನಿಮಗೆ ಗೊತ್ತಾಗಲಿಲ್ಲವಾ?"

"ಇಲ್ಲ," ಎಂದ ಅವನು. "ನಿನಗೆ ಕಣ್ಣು ಉರಿಯುತ್ತಾ? ನೀನು ಹೊರಗೆ ಕೂತುಕೋ, ನಾನು ತೊಳೆಯುತ್ತೇನೆ."

ಬೆನೆಡಿಕ್ಟಾ ಹೊರಗೆ ಹೋಗಿ ಕೂತಳು. ಇವನನ್ನು ಉಳಿಸಬೇಕೆಂದರೆ ಇವನನ್ನು ಕಳೆದುಕೊಳ್ಳಬೇಕು. ಆಪರೇಷನ್ ಮೇಜಿನ ಮೇಲೆ ಇವನನ್ನು ಮಲಗಿಸಿದರೆ ಏಳುವವನು ಅವನು.

ಕೊನೆಗೆ ಫೋನನ್ನು ಕ್ಯಾರಲ್ ಎತ್ತಿಕೊಂಡಳು. ಬೆನೆಡಿಕ್ಟಾ ಅಂಗಡಿಗೆ ಹೂ ಕೊಟ್ಟು ಕಟಪಾಡಿಯಿಂದ ಬರುವಾಗ ಮಗಳು ಜಗಲಿಯಲ್ಲೇ ನಿಂತಿದ್ದಳು.

"ನಮ್ಮ ಮನೆಯಲ್ಲಿ ಯಾರು ಸತ್ತದ್ದು ಮಮ್ಮಿ?"

ಬೆನೆಡಿಕ್ಟಾ ಚಪ್ಪಲಿ ಬಿಚ್ಚಿದಳು.

"ಎರಡು ಸಲ ಡೇಟ್ ತಪ್ಪಿಸಿದ್ದೀ. ಪಪ್ಪನ ಕಣ್ಣು ಹೋಗುತ್ತಾ ಉಂಟು, ನೀನು ಸುಳ್ಳು ಹೇಳುತ್ತಾ ಕೂತಿದ್ದೀಯಾ? ಪಪ್ಪ ಸಾಯಲಿ ಅಂತಲಾ?"

"ಮೆಲ್ಲ ಮಾತಾಡು."

"ಯಾಕೆ ಮೆಲ್ಲ?"

"ನಿನಗೆ ಗೊತ್ತಿರುವ ಪಪ್ಪ ಬೇರೆ, ಕ್ಯಾರಲ್. ಆಪರೇಷನ್ ಆದ ಮೇಲೆ ಬರುವವರು ಬೇರೆ. ನೀನು ಸಣ್ಣವಳಿದ್ದಿ, ನಿನಗೆ ನೆನಪಿಲ್ಲ."

"ನೆನಪುಂಟು." ಕ್ಯಾರಲಳ ಧ್ವನಿ ಇಳಿಯಿತು. "ಮಂಚದ ಅಡಿಯಲ್ಲಿ ನೀನು ನನ್ನ ಬಾಯಿ ಮುಚ್ಚಿ ಹಿಡಿದದ್ದು ನೆನಪುಂಟು. ನಿನ್ನ ಕೈಯಲ್ಲಿ ಬೆಳ್ಳುಳ್ಳಿ ವಾಸನೆ ಇತ್ತು. ಆದರೂ ಸಾಯಲು ಬಿಡಬಹುದಾ? ಯಾರನ್ನಾದರೂ?"

ಮಲ್ಲಿಗೆ ಗಿಡಗಳ ನಡುವಿನಿಂದ ಸಿಲ್ವೆಸ್ಟರ್ ಎದ್ದು ನಿಂತ. ಬುಟ್ಟಿ ಕೈಯಲ್ಲೇ ಇತ್ತು. ಎಲ್ಲ ಕೇಳಿಸಿಕೊಂಡಿದ್ದ. "ಚಾ ಮಾಡಲಾ?" ಎಂದ.

*

ಮರುದಿನ ಬೆನೆಡಿಕ್ಟಾ ಕಾರ್ಕಳಕ್ಕೆ ಹೋದಳು. ಡೆನ್ವರ್ ಅಲ್ಲಿ ಒಂದು ಬೇಕರಿಯ ಟೆಂಪೋ ಓಡಿಸುತ್ತಿದ್ದ. ಬ್ರೆಡ್ಡಿನ ಟ್ರೇಗಳನ್ನು ಒಳಗೆ ತಳ್ಳುತ್ತಾ ತಾಯಿಯ ಮಾತನ್ನೆಲ್ಲ ಕೇಳಿದ. ಎಡಗೈ ಈಗಲೂ ಪೂರ್ತಿ ಮೇಲೆ ಹೋಗುತ್ತಿರಲಿಲ್ಲ.

ಇವನಾದರೂ ಬೇಡ ಎನ್ನುತ್ತಾನೆ ಎಂದು ಬೆನೆಡಿಕ್ಟಾ ನಂಬಿ ಬಂದಿದ್ದಳು.

"ಮಾಡಿಸು," ಎಂದ ಡೆನ್ವರ್.

"ನೀನೂ ಹೀಗೆ ಹೇಳುತ್ತೀಯಾ? ನಿನ್ನ ಕೈ ನೋಡಿಕೋ!"

"ಅದಕ್ಕೇ ಹೇಳುವುದು. ಹೋದ ಕ್ರಿಸ್ಮಸ್ಸಿಗೆ ಅವರು ನನ್ನ ಹತ್ತಿರ ಕ್ಷಮೆ ಕೇಳಿದರು, ಗೊತ್ತುಂಟಾ? ಕುಡಿದಿದ್ದೆ ಮಗಾ, ಅದು ನಾನಲ್ಲ, ತಪ್ಪಾಯಿತು ಅಂದರು. ಮೀನಿಗೆ ಉಪ್ಪು ಸರಿ ಉಂಟಾ ಅಂತ ಕೇಳುವ ಹಾಗೆ. ಮುಖದಲ್ಲಿ ಎಂತದೂ ಇಲ್ಲ. ನನಗೆ ಆವತ್ತು ಸಿಟ್ಟು ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತು. ನನ್ನ ಹತ್ತಿರ ಮಾತಾಡಿದ್ದು ಅಪ್ಪ ಅಲ್ಲ, ಗಡ್ಡೆ." ಅವನು ಟೆಂಪೋದ ಬಾಗಿಲನ್ನು ದಢಾರನೆ ಹಾಕಿದ. "ನನ್ನ ಕೈ ಮುರಿದವನು ಬರಲಿ. ಅವನ ಹತ್ತಿರ ನನಗೆ ಮಾತಾಡಲಿಕ್ಕೆ ಉಂಟು."

"ಬಂದರೆ ಆ ಮನೆಯಲ್ಲಿ ಇರುವುದು ನಾನು ಮತ್ತು ಕ್ಯಾರಲ್. ನೀನಲ್ಲ."

ಡೆನ್ವರ್ ಟೆಂಪೋದ ಬಾಗಿಲನ್ನು ಪುನಃ ತೆಗೆದ. ಒಂದು ಬ್ರೆಡ್ಡನ್ನು ತಾಯಿಯ ಚೀಲಕ್ಕೆ ಹಾಕಿದ. "ಏನಾದರೂ ಆದರೆ ಫೋನ್ ಮಾಡು. ಬರುತ್ತೇನೆ," ಎಂದ.

ಆ ರಾತ್ರಿ ಊಟಕ್ಕೆ ಕೂತಾಗ ಬೆನೆಡಿಕ್ಟಾ ಗಂಡನನ್ನೇ ಕೇಳಿದಳು. ಇಷ್ಟು ದಿನ ಅವನನ್ನು ಯಾರೂ ಕೇಳಿರಲಿಲ್ಲ.

"ಆಪರೇಷನ್ ಮಾಡಿಸುವುದಾ, ಬೇಡವಾ? ನಿಮ್ಮ ತಲೆ, ನೀವು ಹೇಳಿ."

"ನೀನು ಹೇಳಿದ ಹಾಗೆ."

"ನಾನಲ್ಲ. ನೀವು."

ಅವನು ಗಂಜಿಯಲ್ಲಿ ಬೆರಳಾಡಿಸಿದ. "ಮಾಡಿಸದಿದ್ದರೆ ನಾನು ಸಾಯುತ್ತೇನೆ ಅಲ್ವಾ?"

"ಹೌದು ಪಪ್ಪಾ," ಎಂದಳು ಕ್ಯಾರಲ್.

"ಮಾಡಿಸಿದರೆ ಅವ ಬರುತ್ತಾನೆ." ಬಟ್ಟಲನ್ನು ಆಚೆ ಸರಿಸಿದ. "ಅವ ಮಾಡಿದ್ದೆಲ್ಲ ನನಗೆ ಗೊತ್ತುಂಟು. ದೂರದಿಂದ ನೋಡಿದ ಹಾಗೆ. ನಾನು ಆಪರೇಷನ್ ಮಾಡಿಸಿಕೊಂಡು ಅವ ಬದುಕಿದರೆ ನನಗೆ ಎಂತ ಲಾಭ ಬೆನ್ನಿ? ಊಟ ಮಾಡುವುದು ಅವ, ಮಲ್ಲಿಗೆ ನೋಡುವುದು ಅವ. ನಾನಲ್ಲ."

"ಹಾಗಾದರೆ ಬೇಡವಾ?" ಅವಳ ಧ್ವನಿಯಲ್ಲಿದ್ದ ಆಸೆ ಅವಳಿಗೇ ಕೇಳಿಸಿ ನಾಚಿಕೆಯಾಯಿತು.

ಸಿಲ್ವೆಸ್ಟರ್ ಮಗಳ ಕಡೆ ತಲೆ ತಿರುಗಿಸಿದ. ಕಾಣುವ ಕಣ್ಣಿಗೆ ಅವಳು ಸಿಗಬೇಕಾದರೆ ಪೂರ್ತಿ ತಿರುಗಬೇಕಿತ್ತು. ಕ್ಯಾರಲ್ ಅಳುತ್ತಿದ್ದಳು. ಅವನು ನೋಡಿದ, ಬಹಳ ಹೊತ್ತು ನೋಡಿದ.

"ಮಗು ಅಳುತ್ತದೆ," ಎಂದ. "ಮಾಡಿಸುವಾ."

ಮಾರನೆಯ ದಿನ ಅವನು ಹಳೆಯ ಉಪಕರಣದ ಪೆಟ್ಟಿಗೆ ತೆಗೆದ. ಹೆಂಗಸರು ಮಲಗುವ ಕೋಣೆಯ ಬಾಗಿಲಿಗೆ ಒಳಗಿನಿಂದ ದಪ್ಪ ಕಬ್ಬಿಣದ ಚಿಲಕ ಕೂರಿಸಲು ಶುರುಮಾಡಿದ. ಕಣ್ಣು ಸಾಲದೆ ತಡವಿ ತಡವಿ ಸ್ಕ್ರೂ ತಿರುಗಿಸಿದ. ಚಿಲಕ ಸೊಟ್ಟಗೆ ಕೂತಿತು. ಬೆನೆಡಿಕ್ಟಾ ಅಡುಗೆಮನೆಯಿಂದ ಬಂದು ನೋಡಿದಳು.

"ಎಂತ ಮಾಡುತ್ತಿದ್ದೀರಿ?"

"ಅವ ಬಂದರೆ ಹಾಕಿಕೊಳ್ಳಿ," ಎಂದ ಸಿಲ್ವೆಸ್ಟರ್. ಅವಳಿಂದ ಒಳಗಿನಿಂದ ಚಿಲಕ ಹಾಕಿಸಿ, ಭುಜದಿಂದ ಬಾಗಿಲನ್ನು ಹೊರಗಿನಿಂದ ದೂಡಿ ನೋಡಿದ, ಗಟ್ಟಿ ಇದೆಯೋ ಎಂದು. "ಅವನಿಗೆ ಬಲ ಜಾಸ್ತಿ. ಇನ್ನೊಂದು ಸ್ಕ್ರೂ ಬೇಕು."

ಬೆನೆಡಿಕ್ಟಾ ಚಿಲಕ ಸರಿಸಿ ಅಡುಗೆಮನೆಗೆ ಓಡಿ ಹೋಗಿ, ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು.

*

ಆಪರೇಷನ್ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ದಾಟುವವರೆಗೆ ನಡೆಯಿತು. ಎಲ್ಲ ಚೆನ್ನಾಗಿ ಆಯಿತು ಎಂದರು. ಐ.ಸಿ.ಯು. ಗಾಜಿನ ಆಚೆ ತಲೆಗೆ ಬಟ್ಟೆ ಸುತ್ತಿದ ಮುಖ ಊದಿಕೊಂಡು ಯಾರದೋ ಮುಖದಂತಿತ್ತು. ಮೊದಲ ದಿನಗಳಲ್ಲಿ ಅವನು ಮಾತಾಡಲಿಲ್ಲ. ನೀರು ಕುಡಿಸಿದರೆ ಕುಡಿದ, ಮಲಗಿಸಿದರೆ ಮಲಗಿದ. ಗಡ್ಡೆಯ ಜೊತೆ ಅವನೂ ಹೋಗಿರಬಹುದು, ಯಾರೂ ಬರದೆಯೂ ಇರಬಹುದು ಎಂದು ಬೆನೆಡಿಕ್ಟಾಳಿಗೆ ಒಮ್ಮೆ ಅನ್ನಿಸಿತು.

ವಾರ್ಡಿಗೆ ಬಂದ ಮೇಲೆ ಒಂದು ಬೆಳಿಗ್ಗೆ ಗಂಜಿಯ ಬಟ್ಟಲು ಮುಂದಿಟ್ಟಳು. ಅವನು ಒಂದು ಚಮಚ ಬಾಯಿಗಿಟ್ಟು, "ಥೂ! ಇದೆಂತ ಗಂಜಿಯಾ, ಗೋಡೆಗೆ ಬಳಿಯುವ ಸುಣ್ಣವಾ? ಕರೆಯಿರಿ ಆ ನರ್ಸನ್ನು!" ಎಂದು ಕೂಗಿದ.

ಪಕ್ಕದ ಹಾಸಿಗೆಯವರು ನಕ್ಕರು. ನರ್ಸ್ ನಕ್ಕಳು. ಡಾಕ್ಟರ್ ಯಶ್ಮಿತಾ ಬಂದು, "ನೋಡಿದಿರಾ, ಎಚ್ಚರವಾದರು!" ಎಂದು ಬೆನೆಡಿಕ್ಟಾಳ ಬೆನ್ನು ತಟ್ಟಿದರು. ಬೆನೆಡಿಕ್ಟಾ ಬಟ್ಟಲನ್ನು ಎತ್ತಿಕೊಂಡು ಹಿಂದೆ ಸರಿದಳು. ಎಂಟು ವರ್ಷದಿಂದ ಕೇಳದಿದ್ದ ಧ್ವನಿ ಅದು.

ಮನೆಗೆ ಬಂದ ಮೇಲೆ ದಿನದಿಂದ ದಿನಕ್ಕೆ ಅವನು ತುಂಬಿಕೊಳ್ಳುತ್ತಾ ಬಂದ. ಕಣ್ಣು ಸುಧಾರಿಸಿತು. ವಾಸನೆ ಮಾತ್ರ ಬರಲಿಲ್ಲ. ಮನೆ ಸುತ್ತ ನಡೆದು ಒಂದೊಂದನ್ನೇ ಕೇಳಿದ. ನನ್ನ ವೆಲ್ಡಿಂಗ್ ಕನ್ನಡಕ ಎಲ್ಲಿ? ಗೇಟಿಗೆ ಈ ಹೇಸಿಗೆ ಬಣ್ಣ ಹೊಡೆದದ್ದು ಯಾರು? ಶೆಡ್ಡಿನವರು ನನ್ನನ್ನು ಬಿಡಿಸಿದ್ದಾ? ನೀನು ಸುಮ್ಮನಿದ್ದದ್ದಾ? ಒಂದು ಸಂಜೆ ಸ್ನಾನದ ಮನೆಯಿಂದ ಹಾಡು ಕೇಳಿತು. ಹಳೆಯ ರೋಸಿನ ಹಾಡು, ಅದೇ ಕಂಠ. ಕ್ಯಾರಲ್ ಓದುವುದು ಬಿಟ್ಟು ಬಾಯಿ ತೆರೆದು ಕೇಳಿದಳು. "ಪಪ್ಪನಿಗೆ ಹಾಡಲು ಬರುತ್ತದಾ?" ಎಂದಳು. ಬೆನೆಡಿಕ್ಟಾ ತೊಳೆಯುತ್ತಿದ್ದ ಪಾತ್ರೆ ಹಿಡಿದು ನಿಂತಳು. ಮೈ ಜುಮ್ಮೆಂದಿತು. ಅದು ಹೆದರಿಕೆಯೋ, ಇಪ್ಪತ್ತಾರು ವರ್ಷ ಹಿಂದಿನ ಆಸೆಯೋ, ಅವಳಿಗೇ ತಿಳಿಯಲಿಲ್ಲ. ಈ ಹಾಡನ್ನು ತಾನು ಪೂರ್ತಿ ಮರೆತಿದ್ದೆ ಎನ್ನುವುದೊಂದೇ ತಿಳಿಯಿತು.

ಆದರೆ ಅವಳ ಮೈಗೆ ಹಳೆಯದೆಲ್ಲ ನೆನಪಾಗತೊಡಗಿತ್ತು. ತಟ್ಟೆಯನ್ನು ಸದ್ದಾಗದಂತೆ ಇಡುವುದು. ಅವನು ಕುರ್ಚಿ ಹಿಂದಕ್ಕೆ ತಳ್ಳಿದರೆ ಉಸಿರು ಹಿಡಿಯುವುದು. ಅವನ ಕೈ ಎಲ್ಲಿದೆ ಎಂದು ಯಾವಾಗಲೂ ಕಣ್ಣಂಚಿನಲ್ಲಿ ನೋಡಿಕೊಳ್ಳುವುದು. ಬೇಬಿ ಬೇಲಿಯ ಆಚೆಯಿಂದ, "ಹಿಂಬಾಗಿಲು ತೆಗೆದೇ ಇಡುತ್ತೇನೆ, ಆಯ್ತಾ," ಎಂದು ಮೆಲ್ಲನೆ ಹೇಳಿದಳು.

ಒಂದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅವನು ಅಂಗಿ ಹಾಕಿಕೊಂಡು ಬಂದ. "ಬೈಕಿನ ಕೀ ಎಲ್ಲಿ?"

"ಡಾಕ್ಟರು ಬೈಕ್ ಬಿಡಬಾರದು ಅಂದಿದ್ದಾರೆ ಪಪ್ಪಾ. ಫಿಟ್ಸ್ ಬರಬಹುದು ಅಂತ," ಎಂದಳು ಕ್ಯಾರಲ್. ಕೀ ಅವಳ ಹತ್ತಿರವಿತ್ತು.

"ಕಟಪಾಡಿಗೆ ಹೋಗಿ ಬರುವುದು. ಶೆಡ್ಡಿನವರ ಹತ್ತಿರ ಮಾತಾಡಬೇಕು. ಕೊಡು."

"ಆಟೋದಲ್ಲಿ ಹೋಗಿ. ನಾನು ಫೋನ್ ಮಾಡುತ್ತೇನೆ."

"ಕೊಡು ಅಂದೆ."

"ಕೊಡುವುದಿಲ್ಲ," ಎಂದಳು ಕ್ಯಾರಲ್, ನಗುತ್ತಲೇ. ಎಂಟು ವರ್ಷ ಅಪ್ಪನ ಹತ್ತಿರ ಹಾಗೇ ಮಾತಾಡಿ ಅಭ್ಯಾಸ ಅವಳಿಗೆ.

ಅವನು ಅವಳ ಮಣಿಕಟ್ಟು ಹಿಡಿದ. ಹಿಡಿದು ತಿರುಚಿದ. ಕೀ ಕೆಳಗೆ ಬಿತ್ತು, ಆದರೂ ಬಿಡಲಿಲ್ಲ. ಕ್ಯಾರಲ್ ಮೊಣಕಾಲೂರಿ ಕೂಗಿದಳು. ಬೆನೆಡಿಕ್ಟಾ ಹೇಗೆ ಬಂದಳೋ, ಒಲೆಯ ಪಕ್ಕದ ಬಿಸಿ ಸೌಟಿನಿಂದ ಅವನ ಕೈಗೆ ಹೊಡೆದಳು. ಹಿಡಿತ ಸಡಿಲವಾದ ಕೂಡಲೇ ಮಗಳನ್ನು ಎಳೆದುಕೊಂಡು ಕೋಣೆಗೆ ನುಗ್ಗಿ ಚಿಲಕ ಹಾಕಿದಳು.

ಬಾಗಿಲು ಒಮ್ಮೆ ಅದುರಿತು. ಇನ್ನೊಮ್ಮೆ ಅದುರಿತು. ಸೊಟ್ಟ ಚಿಲಕ ಹಿಡಿದು ನಿಂತಿತು. ಬೆನೆಡಿಕ್ಟಾ ಡೆನ್ವರನಿಗೆ ಫೋನ್ ಮಾಡಿದಳು. ಅವನು ಕಾಪುವಿನಲ್ಲಿ ಬ್ರೆಡ್ ಇಳಿಸುತ್ತಿದ್ದ. ಬಂದೆ ಎಂದ.

ಹೊರಗೆ ಸದ್ದು ನಿಂತಿತು. ಆಮೇಲೆ ಬಾಗಿಲಿಗೆ ಬಾಯಿ ತಾಗಿಸಿದಷ್ಟು ಹತ್ತಿರದಿಂದ ಅವನ ಧ್ವನಿ ಬಂತು. "ಇಲ್ಲಿ ಚಿಲಕ ಹಾಕಿದ್ದು ಯಾರು?"

"ನೀವೇ."

"ನಾನಾ? ಯಾವಾಗ?"

"ಆಪರೇಷನಿಗೆ ಮೊದಲು. ನೀವು ಬಂದರೆ ಹಾಕಿಕೊಳ್ಳಿ ಅಂತ ನೀವೇ ಕೂರಿಸಿದ್ದು."

"ಅದು ನಾನಲ್ಲ ಬೆನ್ನಿ," ಎಂದ ಅವನು. "ಅದು ಕಾಯಿಲೆ. ತಲೆ ಸರಿ ಇರಲಿಲ್ಲ ನನಗೆ."

ಬೆನೆಡಿಕ್ಟಾ ಎದ್ದಳು. ಮಗಳ ಕಿವಿಯಲ್ಲಿ, "ನಾನು ಹೇಳುವ ತನಕ ತೆಗೆಯಬೇಡ," ಎಂದು ಹೇಳಿ, ಚಿಲಕ ಸರಿಸಿ, ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಹಿಂದೆ ಚಿಲಕ ಮತ್ತೆ ಬಿದ್ದ ಸದ್ದು ಕೇಳಿತು.

"ಕುಡಿದಾಗ ಹೊಡೆದದ್ದು ನಾನಲ್ಲ ಅಂತ ಆಪರೇಷನಿಗೆ ಮೊದಲಿದ್ದವರು ಹೇಳಿದರು. ಚಿಲಕ ಹಾಕಿದ್ದು ನಾನಲ್ಲ ಅಂತ ನೀವು ಹೇಳುತ್ತೀರಿ. ಇಬ್ಬರೂ ನಾನಲ್ಲ ನಾನಲ್ಲ ಅಂದರೆ, ಇಪ್ಪತ್ತಾರು ವರ್ಷ ನನ್ನ ಕೈಯ ಅನ್ನ ಉಂಡದ್ದು ಯಾರು? ಹೇಳಿ! ಯಾರು?"

ಅವನ ಕೈ ಮೇಲಕ್ಕೆ ಹೋಯಿತು. ಸೌಟಿನ ಬರೆ ಅದರ ಮೇಲೆ ಕೆಂಪಗೆ ಎದ್ದಿತ್ತು. ಬೆನೆಡಿಕ್ಟಾ ಕಣ್ಣು ಮುಚ್ಚಲಿಲ್ಲ. ಹಿಂದೆಲ್ಲ ಮುಚ್ಚುತ್ತಿದ್ದಳು.

"ಹೊಡೆಯಿರಿ," ಎಂದಳು. "ಆದರೆ ಮೊದಲಿನ ಬೆನೆಡಿಕ್ಟಾ ಇಲ್ಲಿ ಇಲ್ಲ. ಓಡುವುದೂ ಇಲ್ಲ, ಮುಚ್ಚಿಡುವುದೂ ಇಲ್ಲ. ಪೊಲೀಸರಿಗೆ ನಾನೇ ಫೋನ್ ಮಾಡುತ್ತೇನೆ."

ಕೈ ಗಾಳಿಯಲ್ಲೇ ನಿಂತಿತು. ಅವನು ಅದನ್ನು ನೋಡಿದ, ಯಾರದೋ ಕೈ ನೋಡುವ ಹಾಗೆ. ಆಮೇಲೆ ಇಳಿಸಿ, ಊಟದ ಮೇಜಿನ ಹತ್ತಿರ ಹೋಗಿ ಕೂತ.

*

ಡೆನ್ವರ್ ಬಂದಾಗ ಅವನು ಅಲ್ಲೇ ಕೂತಿದ್ದ. ಕ್ಯಾರಲಳ ಊದಿದ ಮಣಿಕಟ್ಟಿಗೆ ಬೆನೆಡಿಕ್ಟಾ ಒದ್ದೆ ಬಟ್ಟೆ ಸುತ್ತುತ್ತಿದ್ದಳು. ಡೆನ್ವರ್ ತಂಗಿಯ ಕೈ ನೋಡಿದ, ಆಮೇಲೆ ಅಪ್ಪನ ಎದುರು ಬಂದು ನಿಂತ.

"ನನ್ನ ಕೈ ಮುರಿದದ್ದು ಯಾರು?" ಎಂದ.

ಸಿಲ್ವೆಸ್ಟರ್ ತಲೆ ಎತ್ತಲಿಲ್ಲ. "ನಾನು," ಎಂದ.

"ಕುಡಿದಿದ್ದಿರಿ."

"ಕುಡಿದಿದ್ದೆ. ಆದರೆ ಗೊತ್ತಿತ್ತು." ಮೇಜಿನ ಅಂಚನ್ನು ಹಿಡಿದುಕೊಂಡ. "ತಿರುಚುವಾಗಲೇ ಗೊತ್ತಿತ್ತು, ಇನ್ನು ಸ್ವಲ್ಪ ತಿರುಚಿದರೆ ಮುರಿಯುತ್ತದೆ ಅಂತ. ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಆಮೇಲೆ ಎಲ್ಲರೂ ಕುಡಿತ ಅಂದರು. ನಾನೂ ಹಾಗೇ ಹೇಳಿದೆ."

ಬೆನೆಡಿಕ್ಟಾ ಒದ್ದೆ ಬಟ್ಟೆಯ ಗಂಟು ಬಿಗಿದಳು.

"ಇವತ್ತು ನಾನು ಕುಡಿದಿರಲಿಲ್ಲ ಡೆನ್ವರ್. ತಲೆಯಲ್ಲಿ ಗಡ್ಡೆಯೂ ಇರಲಿಲ್ಲ." ಅವನು ಈಗ ಮುಖ ಎತ್ತಿದ. ಕ್ಷಮೆ ಕೇಳುವವನ ಮುಖ ಅದಲ್ಲ. ಹೆದರಿದವನ ಮುಖ. ಸಿಲ್ವೆಸ್ಟರ್ ಹೆದರಿದ್ದನ್ನು ಬೆನೆಡಿಕ್ಟಾ ಎಂದೂ ಕಂಡಿರಲಿಲ್ಲ, ಕುಡಿಯುತ್ತಿದ್ದಾಗಲೂ ಇಲ್ಲ, ಗಡ್ಡೆ ಇದ್ದಾಗಲೂ ಇಲ್ಲ. "ಇಲ್ಲಿ ಇದ್ದರೆ ಪುನಃ ಹೊಡೆಯುತ್ತೇನೆ. ನನ್ನನ್ನು ನನಗೆ ಗೊತ್ತುಂಟು. ಇವತ್ತು ಇಲ್ಲ ಅನ್ನಬಹುದು, ಬರುವ ವಾರ ಹೊಡೆಯುತ್ತೇನೆ."

"ಈ ಮನೆಯಲ್ಲಿ ನೀವು ಇರುವುದು ಬೇಡ," ಎಂದಳು ಬೆನೆಡಿಕ್ಟಾ. ಹೇಳಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

"ಕಾಪುವಿಗೆ ಹೋಗುತ್ತೇನೆ. ಆನಿಬಾಯಿಯ ಮನೆಗೆ."

ಆನಿ ಅವನ ಅಕ್ಕ, ವಿಧವೆ. ತಮ್ಮನಿಗೆ ಹೆದರದ ಒಬ್ಬಳೇ ಹೆಂಗಸು ಆ ಕುಟುಂಬದಲ್ಲಿ. ಫೋನ್ ಮಾಡಿದಾಗ, "ಕಳುಹಿಸು ಅವನನ್ನು. ನನ್ನ ಮನೆಯಲ್ಲಿ ಕೈ ಎತ್ತಲಿ ನೋಡುವಾ," ಎಂದಳು.

ಬೆನೆಡಿಕ್ಟಾ ಬಟ್ಟೆ ಕಟ್ಟಿದಳು, ಮಾತ್ರೆಗಳನ್ನು ಬೆಳಿಗ್ಗೆಯದು ರಾತ್ರಿಯದು ಎಂದು ಬೇರೆ ಬೇರೆ ಡಬ್ಬಿಗೆ ಹಾಕಿದಳು. ಡೆನ್ವರ್ ಟೆಂಪೋದಲ್ಲಿ ಕರೆದುಕೊಂಡು ಹೋದ. ಮುಂದಿನ ಸೀಟಿನಲ್ಲಿ ಖಾಲಿ ಟ್ರೇ ತುಂಬಿದ್ದರಿಂದ ಸಿಲ್ವೆಸ್ಟರ್ ಹಿಂದೆ, ಬ್ರೆಡ್ಡುಗಳ ನಡುವೆ ಕೂತ. ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ ಎಂದು ಡೆನ್ವರ್ ಆಮೇಲೆ ಫೋನಿನಲ್ಲಿ ಹೇಳಿದ. ಇಳಿಯುವಾಗ ಅಪ್ಪ ತನ್ನ ಎಡಗೈಯನ್ನು ಮುಟ್ಟಲು ಬಂದರು, ತಾನು ಬಿಡಲಿಲ್ಲ ಎಂದ.

ಮನೆ ಸುಮ್ಮನಾಯಿತು. ಬೆನೆಡಿಕ್ಟಾ ಒಬ್ಬಳೇ ಮೊಗ್ಗು ಕೊಯ್ದಳು, ಒಬ್ಬಳೇ ನಾರು ಸೀಳಿದಳು. ಎದುರಿಗೆ ಕೂರುತ್ತಿದ್ದವನು ಎಲ್ಲಿ ಹೋದ? ಸತ್ತವರಿಗಾದರೆ ಇಗರ್ಜಿಯಲ್ಲಿ ಪೂಜೆ ಹೇಳಿಸಬಹುದು. ಕಾಪುವಿನಲ್ಲಿ ಕೂತು ಅಕ್ಕನ ಹತ್ತಿರ ಬೈಸಿಕೊಂಡು ಗಂಜಿ ಉಣ್ಣುತ್ತಿರುವ ಮನುಷ್ಯನಿಗೆ ಯಾವ ಪೂಜೆ ಹೇಳಿಸುವುದು? ಆದರೂ ಒಂದು ಭಾನುವಾರ ಇಗರ್ಜಿಯಲ್ಲಿ ಅವನಿಗಾಗಿ ಅತ್ತಳು. ಯಾರಿಗೂ ಹೇಳಲಿಲ್ಲ.

ಆನಿಬಾಯಿ ಆಗಾಗ ಫೋನ್ ಮಾಡುತ್ತಿದ್ದಳು. ಕುಡಿಯಲಿಲ್ಲವಂತೆ. ಒಂದು ದಿನ ಕುರ್ಚಿ ಮುರಿದನಂತೆ, ಮರುದಿನ ತಾನೇ ರಿಪೇರಿ ಮಾಡಿದನಂತೆ. ಮಣಿಪಾಲಕ್ಕೆ ಹೋಗಿ ಸಿಟ್ಟಿನ ಬಗ್ಗೆ ಯಾರೋ ಡಾಕ್ಟರ ಹತ್ತಿರ ಮಾತಾಡಿ ಬಂದನಂತೆ. "ಭಾನುವಾರ ಊಟಕ್ಕೆ ಬರಬಹುದಾ ಅಂತ ಕೇಳುತ್ತಾನೆ. ಬೇಡ ಅಂದರೆ ಬೇಡ," ಎಂದಳು.

ಬೆನೆಡಿಕ್ಟಾ ಎರಡು ವಾರ ಬೇಡ ಎಂದಳು. ಮೂರನೆಯ ವಾರ ಏನೂ ಹೇಳಲಿಲ್ಲ. ಅಕ್ಕಿ ರುಬ್ಬಿ ಹಬೆಯಲ್ಲಿ ಸನ್ನ ಮಾಡಿದಳು, ಹಂದಿ ಮಾಂಸ ಬೇಯಿಸಿದಳು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ನೋಡಿದಳು.

ಗೇಟಿನ ಸದ್ದಾಯಿತು. ಮೆಲ್ಲಗೂ ಅಲ್ಲ, ಜೋರಾಗಿಯೂ ಅಲ್ಲ. ಆ ಸದ್ದಿನಿಂದ ಏನೂ ಗೊತ್ತಾಗಲಿಲ್ಲ. ಕ್ಯಾರಲ್ ಕಿಟಕಿಯ ಪರದೆ ಸರಿಸಿ ನೋಡಿದಳು. ಸಿಲ್ವೆಸ್ಟರ್ ಅಂಗಳದಲ್ಲಿ ಚಪ್ಪಲಿ ಬಿಚ್ಚಿ, ಮೆಟ್ಟಿಲು ಹತ್ತದೆ, ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ. ಹಣೆಯ ಮೇಲೆ ಹೊಲಿಗೆಯ ಗೆರೆ ಬಿಸಿಲಿಗೆ ಹೊಳೆಯುತ್ತಿತ್ತು. ಕ್ಯಾರಲ್ ಪರದೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಮಮ್ಮಿ," ಎಂದು ಪಿಸುಗುಟ್ಟಿದಳು, "ಯಾವ ಪಪ್ಪ ಬಂದದ್ದು?"

ಬೆನೆಡಿಕ್ಟಾ ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ನಮಗೆ ಇರುವುದು ಒಬ್ಬರೇ ಮಗಾ," ಎಂದಳು. "ನೀನು ಒಳಗೆ ಇರು."

ಮತ್ತು ಬಾಗಿಲು ತೆರೆದಳು.